ಮುಚ್ಚಿದಾಗ ಕಾಣದ ಮಡಿಕೆ

ಸಿಯೋಲ್, ಮಂಗಳವಾರ

ಅಜ್ಜೀ,

ಕೋಪ ಇಳಿಯದಿದ್ದರೂ ಇದನ್ನು ಓದು. ನಿನ್ನ ಹಾಗೇ ಗೆರೆಯಿಲ್ಲದ ನನ್ನ ರೆಪ್ಪೆಗೆ, ಕಣ್ಣು ದೊಡ್ಡದಾಗಿ ಕಾಣಲೆಂದು ಆಪರೇಷನ್ ಮಾಡಿಸಿ ಮಡಿಕೆ ಹಾಕಿಸಿಕೊಂಡೆ. ಕೊಯ್ಯಲಿಲ್ಲ, ಒಳಗೇ ದಾರ ಹುದುಗಿಸಿದರು. ನಡುವೆ ಎಬ್ಬಿಸಿ ಕೂರಿಸಿ, ಎರಡೂ ಕಣ್ಣು ಸಮ ಇವೆಯೇ ಎಂದು ಡಾಕ್ಟರಮ್ಮ ನೋಡುತ್ತಿದ್ದಾಗ, ಹೊರಡುವ ದಿನ ನೀನು "ನನ್ನ ಕಣ್ಣು ನಿನಗೆ ಬೇಡವಾಯ್ತೇನೇ?" ಎಂದದ್ದು ನೆನಪಾಗಿ ಅಳು ಬಂತು.

"ಅಳಬೇಡ ಕಣಮ್ಮ, ಅಳತೆ ತಪ್ಪುತ್ತೆ!" ಎಂದು ಗದರಿದರು. ಆಮೇಲೆ ಕಣ್ಣು ಮುಚ್ಚಿಸಿ, "ಮುಚ್ಚಿದಾಗ ಗೆರೆ ಮಾಯವಾಗ್ಬೇಕು. ಆಗ್ಲೇ ಹುಟ್ಟಿನಿಂದ ಬಂದ ಹಾಗೆ ಕಾಣೋದು" ಎಂದರು.

ಊತಕ್ಕೆ ಕುಂಬಳಕಾಯಿ ಗಂಜಿ ಕುಡಿಯುತ್ತಿದ್ದೇನೆ. ಚುಸೋಕ್ ಹಬ್ಬಕ್ಕೆ ಬರುತ್ತೇನೆ. ಕಾಗದದಲ್ಲಿ ಜಾಗ ಮುಗಿಯಿತು, ಇದೊಂದೇ ಮಾತು: ನನ್ನ ಮುಖ ನೋಡಲು ಮನಸ್ಸಾಗದಿದ್ದರೆ, ನಾನು ಮಲಗಿದ ಮೇಲೆ ಬಂದು ನೋಡು. ಮುಚ್ಚಿದ ಕಣ್ಣು ಇನ್ನೂ ನಿನ್ನವೇ.

ಬೊರಾಮ್