‘ಹೇಳಿ, ಹೇಳಿ’ ಎಂದಿರಿ, ಹೇಳಿದವನು ಎಲ್ಲಿ?

ಸುಧಾರಣಾ ಸಂವಾದ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ನನ್ನ ತಮ್ಮನನ್ನು ನನಗೆ ಕೊಡಿ. ಕೊನೆಯಲ್ಲಿ ಕೇಳಬೇಕಾದದ್ದನ್ನು ಮೊದಲೇ ಕೇಳುತ್ತಿದ್ದೇನೆ, ಏಕೆಂದರೆ ನನ್ನ ಮೂರು ಅರ್ಜಿಗಳನ್ನು ನಿಮ್ಮ ಕಚೇರಿಯಲ್ಲಿ ಯಾರೂ ಕೊನೆಯವರೆಗೆ ಓದಿದಂತೆ ಕಾಣಲಿಲ್ಲ. ಪಥೇನ್ ಊರಿನಲ್ಲಿ ಕೊಡೆ ಕಟ್ಟುವ ಅವನ ಹೆಸರು ಚಿಟ್ ಪೇ, ವಯಸ್ಸು ಐವತ್ತೊಂದು, ಉಬ್ಬಸದ ರೋಗಿ. ನೀವು ಏರ್ಪಡಿಸಿದ ಸಾರ್ವಜನಿಕ ಚರ್ಚೆಗೆಂದು ಹೋದವನು ಇಪ್ಪತ್ತಮೂರು ದಿನಗಳಿಂದ ಮನೆಗೆ ಬಂದಿಲ್ಲ.

ನಿಮ್ಮ ಆಹ್ವಾನ ಪತ್ರಿಕೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ‘ಸೇನಾಡಳಿತವು ರಾಜಕೀಯ ಸುಧಾರಣೆಗೆ ಬದ್ಧವಾಗಿದೆ, ಹೊಸ ಸಂವಿಧಾನದ ಕರಡಿನ ಬಗ್ಗೆ ನಾಗರಿಕರು ನಿರ್ಭೀತರಾಗಿ ಅಭಿಪ್ರಾಯ ಮಂಡಿಸಬಹುದು’ ಎಂದು ಅದರಲ್ಲಿ ಅಚ್ಚಾಗಿದೆ. ಎಂಥ ಔದಾರ್ಯ! ಹತ್ತು ಮನೆಗೆ ಒಬ್ಬರು ಬರಲೇಬೇಕು, ಬರದಿದ್ದರೆ ಹತ್ತೂ ಮನೆಗಳ ಹೆಸರು ಠಾಣೆಗೆ ಹೋಗುತ್ತದೆ ಎಂಬುದನ್ನು ಮಾತ್ರ ಅಚ್ಚು ಹಾಕಿಸಲಿಲ್ಲ. ಅದನ್ನು ನಮ್ಮ ಹತ್ತು ಮನೆಗಳ ಮುಖಂಡ ಊ ಸಾ ಲಿನ್ ಅವರ ಬಾಯಲ್ಲಿ ಹೇಳಿಸಿದಿರಿ. ಚಹಾ ಅಂಗಡಿಯಲ್ಲಿ ಲೋಟದೊಳಗೆ ಚೀಟಿ ಹಾಕಿ ಎತ್ತಿದರು. ನನ್ನ ಹೆಸರು ಬಂತು.

‘ಟೀಚರಮ್ಮ, ನಿಮಗಾದ್ರೆ ಓದೋಕೆ ಚೆನ್ನಾಗಿ ಬರುತ್ತೆ. ಕೊಟ್ಟಿದ್ದನ್ನ ಓದಿ ಬಂದುಬಿಡಿ. ಚರ್ಚೆ ಗಿರ್ಚೆ ಅಂತ ತಲೆ ಕೆಡಿಸ್ಕೋಬೇಡಿ’ ಎಂದು ಅವರು ಟೈಪು ಮಾಡಿದ ಹಾಳೆಯೊಂದನ್ನು ನನ್ನ ಕೈಗಿಟ್ಟರು. ಅದರಲ್ಲಿದ್ದದ್ದು ನನ್ನ ನಿರ್ಭೀತ ಅಭಿಪ್ರಾಯ. ಅದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಚರ್ಚೆಯ ದಿನ ಬೆಳಿಗ್ಗೆ ನನ್ನ ಮಂಡಿ ಊದಿಕೊಂಡಿತ್ತು. ತಮ್ಮ ಕೊಡೆಯ ಬಟ್ಟೆಗೆ ನೀರು ಸೋರದಂತೆ ಕಾಯಿರಸ ಬಳಿಯುತ್ತಿದ್ದವನು ಕೈ ತೊಳೆದು ಬಂದ. ‘ಅಕ್ಕಾ, ಆ ಮಂಡಿ ಇಟ್ಕೊಂಡು ನಾಲ್ಕು ಗಂಟೆ ಹೆಂಗೆ ಕೂತ್ಕೋತೀಯ? ಕೊಡಿಲ್ಲಿ, ನಿನ್ನ ಬುದ್ಧಿವಂತಿಕೆನ ನಾನೇ ಓದಿ ಬರ್ತೀನಿ.’

‘ಬಾಯಿ ಮುಚ್ಕೊಂಡು ಓದಿ ಬಾ’ ಎಂದೆ.

‘ಬಾಯಿ ಮುಚ್ಕೊಂಡು ಓದೋದು ಹೆಂಗೆ ಅಂತ ನಿಮ್ಮ ಶಾಲೇಲಿ ಕಲಿಸ್ತಿದ್ರಾ?’ ಎಂದು ನಕ್ಕು ಹೋದ. ಕಳಿಸಿದವಳು ನಾನು, ಮಾನ್ಯರೇ.

ನಮ್ಮಲ್ಲಿ ಇದು ತಪ್ಪಲ್ಲ. ಕಾಲುವೆ ಹೂಳೆತ್ತುವ ಬಿಟ್ಟಿ ಕೆಲಸವಿರಲಿ, ಬೀದಿ ಕಾವಲಿರಲಿ, ಮನೆಯಿಂದ ಒಂದು ಆಳು ಹೋದರಾಯಿತು. ಕೂಗಿದ ಹೆಸರು ಯಾರದ್ದೇ ಇರಲಿ, ಬಂದವರು ‘ಇದ್ದೀನಿ’ ಎನ್ನುತ್ತಾರೆ. ಬಿಟ್ಟಿ ಕೆಲಸಕ್ಕೆ ತಲೆ ಎಣಿಸಿ, ಮುಖ ನೋಡದೆ ಈ ರೂಢಿ ಬೆಳೆಸಿದವರು ನಿಮ್ಮವರೇ. ಸಭಾಭವನದಲ್ಲೂ ಗುಮಾಸ್ತ ‘ಓನ್ ತಿನ್’ ಎಂದು ನನ್ನ ಹೆಸರು ಕೂಗಿದ, ತಮ್ಮ ‘ಇದ್ದೀನಿ’ ಎಂದ, ಗುಮಾಸ್ತ ತಲೆ ಎತ್ತದೆ ಗುರುತು ಹಾಕಿದ.

ಮುಂದಿನದನ್ನು ಅವನ ಹಿಂದಿನ ಸಾಲಿನಲ್ಲಿ ಕೂತಿದ್ದವರು ನನಗೆ ಹೇಳಿದರು. ‘ಆದಕಾರಣ ಹೃತ್ಪೂರ್ವಕವಾಗಿ ಬೆಂಬಲಿಸುತ್ತೇನೆ’ ಎಂಬಲ್ಲಿಯವರೆಗೂ ಅವನು ಒಂದಕ್ಷರ ಬಿಡದೆ ಓದಿದ. ಆದರೆ ಮೈಕು ಕೆಳಗಿಡಲಿಲ್ಲ. ‘ಸ್ವಾಮಿ, ಇದು ನಮ್ಮಕ್ಕನಿಗೆ ನೀವು ಬರೆದುಕೊಟ್ಟ ಅಭಿಪ್ರಾಯ. ನನ್ನದೂ ಒಂದಿದೆ, ಹೇಳ್ಲಾ?’ ಎಂದು ಕೇಳಿದ. ವೇದಿಕೆಯ ಮೇಲಿದ್ದ ನೀವು ಕೈ ಬೀಸಿ ‘ಹೇಳಿ, ಹೇಳಿ’ ಎಂದಿರಂತೆ.

‘ನಾನು ಕೊಡೆ ಮಾಡೋನು ಸ್ವಾಮಿ. ರಿಪೇರಿಗೆ ತಂದೋರನ್ನ ಎಲ್ಲಿ ಸೋರುತ್ತೆ ಅಂತ ಕೇಳ್ತೀನಿ. ಸೋರಲ್ಲ ಅಂತ ನಾನೇ ಚೀಟಿ ಬರೆದು ಅವರ ಕೈಲಿ ಓದಿಸಲ್ಲ. ಸಂಸತ್ತಿನ ನಾಲ್ಕು ಸೀಟಲ್ಲಿ ಒಂದು, ಓಟೇ ಇಲ್ದೆ, ಸಮವಸ್ತ್ರದೋರಿಗೆ ಅಂತ ಬರೆದಿದೀರಲ್ಲ, ಅಲ್ಲಿ ಸೋರ್ತಿದೆ ನೋಡಿ.’

ಇಷ್ಟೇ. ಯಾರೋ ಚಪ್ಪಾಳೆ ತಟ್ಟಿ ತಕ್ಷಣ ನಿಲ್ಲಿಸಿದರಂತೆ. ಸಭೆ ಮುಗಿದು ಅವನು ಚಪ್ಪಲಿ ಹುಡುಕುತ್ತಿದ್ದಾಗ ಇಬ್ಬರು ಬಂದು ಹೆಗಲ ಮೇಲೆ ಕೈ ಹಾಕಿದರು.

ಇದಕ್ಕೇ ಅಲ್ಲವೇ ನೀವು ಕರೆದದ್ದು? ಊಟಕ್ಕೆ ಕರೆದು, ಬಡಿಸಿದ್ದನ್ನು ಉಂಡವನ ಕೈ ಕಟ್ಟುವುದು ಯಾವ ಸೀಮೆಯ ಸುಧಾರಣೆ? ಒಬ್ಬ ಕೊಡೆಯವನ ನಾಲ್ಕು ಮಾತಿಗೆ ಅಲುಗಾಡುವ ಕರಡನ್ನು ಇಡೀ ದೇಶದ ತಲೆಯ ಮೇಲೆ ಹಿಡಿಯುತ್ತೀರಾ? ಬೇಡವೆನ್ನುವುದು ಅಪರಾಧವಾದರೆ ಚರ್ಚೆ ಎನ್ನಬೇಡಿ, ಕವಾಯತು ಎನ್ನಿ. ಸಾಲಾಗಿ ನಿಲ್ಲುತ್ತೇವೆ. ನಮಗೇನು ಅದು ಹೊಸದೇ?

ನನ್ನ ಅರ್ಜಿಗಳಿಗೆ ನಿಮ್ಮ ಕಚೇರಿ ಕೊಟ್ಟ ಉತ್ತರ ಹೀಗಿದೆ: ‘ಚಿಟ್ ಪೇ ಎಂಬ ವ್ಯಕ್ತಿ ಸಭೆಗೆ ಹಾಜರಾದ ದಾಖಲೆ ಇರುವುದಿಲ್ಲ. ಆದ್ದರಿಂದ ಸದರಿಯವರನ್ನು ಸಭೆಯಿಂದ ಬಂಧಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ.’ ಅವನ ಔಷಧಿ ಹಿಡಿದು ಠಾಣೆಗೆ ಹೋದೆ. ಅಲ್ಲಿದ್ದ ಪೇದೆ ನನ್ನ ಹಳೆಯ ವಿದ್ಯಾರ್ಥಿ. ಯಾರೆಂದು ಹುಡುಕಲು ಹೋಗಬೇಡಿ, ಈ ಊರಿನ ಅರ್ಧ ಪೊಲೀಸರಿಗೆ ಅಕ್ಷರ ತಿದ್ದಿಸಿದವಳು ನಾನು.

‘ಪುಸ್ತಕದಲ್ಲಿ ಇಲ್ದೋರಿಗೆ ಔಷಧಿ ಹೆಂಗೆ ತಗೊಳ್ಲಿ ಟೀಚರಮ್ಮ? ಹೋಗಿಬಿಡಿ’ ಎಂದ.

‘ಒಳಗಿದ್ದಾನಾ? ಅಷ್ಟು ಹೇಳಪ್ಪಾ, ಸಾಕು.’

ಅವನು ಬಾಗಿಲ ಕಡೆ ನೋಡಿ, ‘ಕೆಮ್ಮು ಕೇಳ್ಸುತ್ತೆ’ ಎಂದ. ಆ ಕೆಮ್ಮನ್ನು ನಂಬಿಕೊಂಡು ಎರಡು ವಾರ ಬದುಕಿದೆ. ಈ ಶುಕ್ರವಾರ ಹೋದಾಗ ‘ಕೆಮ್ಮು ಕೇಳ್ಸುತ್ತಾ?’ ಎಂದು ಮತ್ತೆ ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ.

ಮನೆಯಂಗಳದಲ್ಲಿ ಹನ್ನೊಂದು ಕೊಡೆಗಳು ಬಿಚ್ಚಿದಂತೆಯೇ ಇವೆ. ಐದು ದಿನ ಕಾಯಿರಸ ಬಳಿದು ಬಿಸಿಲಿಗಿಟ್ಟರೆ ಮಾತ್ರ ನೀರು ಸೋರುವುದು ನಿಲ್ಲುತ್ತದೆ. ಅವನು ಬಳಿದದ್ದು ಮೂರು ದಿನ. ಉಳಿದೆರಡು ದಿನದ್ದನ್ನು ಬಳಿಯಲು ನನಗೆ ಬರುವುದಿಲ್ಲ. ಅವನ ಉಬ್ಬಸದ ಔಷಧಿ ನನ್ನ ಚೀಲದಲ್ಲಿದೆ. ದೇವರಾಣೆಗೂ ನನಗೆ ಭಯವಾಗುತ್ತಿದೆ.

ಯಾವ ಪತ್ರಿಕೆಯೂ ಇದನ್ನು ಅಚ್ಚು ಹಾಕುವುದಿಲ್ಲ. ಕೈಯಲ್ಲೇ ನಲವತ್ತು ಪ್ರತಿ ಬರೆದು ಚಹಾ ಅಂಗಡಿಗಳಲ್ಲಿ ಇಟ್ಟಿದ್ದೇನೆ. ನಿಮ್ಮವರು ನಿಮಗೂ ಒಂದನ್ನು ತಲುಪಿಸುತ್ತಾರೆ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಹಾಜರಿ ಕೂಗಿದವಳು ನಾನು. ಒಬ್ಬನ ಹೆಸರಿಗೆ ಇನ್ನೊಬ್ಬ ‘ಇದ್ದೀನಿ’ ಎಂದು ಕೂಗಿದರೆ, ತಪ್ಪಿಸಿಕೊಂಡವನ ಕಿವಿ ಹಿಂಡಿ, ಕೂಗಿದವನನ್ನು ಮನೆಗೆ ಕಳಿಸುತ್ತಿದ್ದೆ. ನೀವೂ ಹಾಗೆಯೇ ಮಾಡಿ. ನಿಮ್ಮ ದಾಖಲೆ ನಿಜವಾದರೆ ಆ ಮಾತು ಆಡಿದವಳು ನಾನು, ನನ್ನನ್ನು ಹಿಡಿಯಿರಿ. ದಾಖಲೆ ಸುಳ್ಳಾದರೆ ಹಾಗೆಂದು ಬರೆದು ನನ್ನ ತಮ್ಮನನ್ನು ತೋರಿಸಿ. ಯಾವ ಸ್ಥಿತಿಯಲ್ಲಿದ್ದರೂ ತೋರಿಸಿ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಕಚೇರಿಯ ಗೇಟಿನ ಮುಂದೆ ನಿಂತಿರುತ್ತೇನೆ, ಒಂದು ಜೊತೆ ಬಟ್ಟೆಯೊಂದಿಗೆ. ಗುಮಾಸ್ತನಿಗೆ ಹೇಳಿ ನನ್ನ ಹೆಸರು ಕೂಗಿಸಿ. ಈ ಸಲ ‘ಇದ್ದೀನಿ’ ಎನ್ನುವವಳು ನಾನೇ.

ಇಂತಿ,
ನಿಮ್ಮ ಪುಸ್ತಕದ ಪ್ರಕಾರ ಅಂದು ಸಭೆಯಲ್ಲಿದ್ದ,
ಮನೆಯಲ್ಲೇ ಉಳಿದು ತಮ್ಮನನ್ನು ಕಳೆದುಕೊಂಡ
ಓನ್ ತಿನ್, ನಿವೃತ್ತ ಶಿಕ್ಷಕಿ