ಅಂಚಿಗೆ ಬಾರದ ‘ಒಲ್ಲೆ’

ಧಾರವಾಡ, ಜುಲೈ ೨೦೦೬

ಕಾಶೀಂ ಚಾಚಾ,

ಸಲಾಂ. ಕ್ಷೇಮ ವಿಚಾರಿಸುವಷ್ಟು ತಾಳ್ಮೆ ಇಂದು ನನ್ನಲ್ಲಿಲ್ಲ.

ಈ ಮದುವೆ ಒಲ್ಲೆನೆಂದು ರೋಣದಲ್ಲಿ ನಿಮ್ಮೆದುರೇ ಹೇಳಿದ್ದೆ. ನೀವು ಬೆಳವಣಕಿಯ ಗಂಡಿನವರಿಗೆ, “ಹುಡುಗಿ ಸುಮ್ನ ಕುಂತಾಳ್ರಿ, ಅಂದ್ರ ಒಪ್ಪಿದಂಗ” ಎಂದು ಹೇಳಿ ಸಕ್ಕರೆ ಹಂಚಿ ಬಂದಿರಂತೆ!

ನಾನಿಲ್ಲಿ ಹಣ್ಣಿನ ನೊಣಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಅವುಗಳ ಒಂದು ಜೀವಕೋಶ ಪಕ್ಕದ ಕೋಶಕ್ಕೆ ‘ನೀನು ನರವಾಗಬೇಡ’ ಎಂದು ಪ್ರೋಟೀನಿನ ಮೂಲಕ ಹೇಳುತ್ತದೆ. ಆ ಪ್ರೋಟೀನು ಒಳಗೇ ಸಿಕ್ಕಿಕೊಂಡು ಅಂಚಿಗೆ ಬರದಿದ್ದರೆ, ಚರ್ಮವಾಗಬೇಕಾದ ಕೋಶವೂ ನರವಾಗಿಬಿಡುತ್ತದೆ. ಆಮೇಲೆ ತಿದ್ದಲಾಗದು.

ನನ್ನ ಮಾತನ್ನೂ ನೀವು ಹಾಗೆಯೇ ಒಳಗಿಟ್ಟುಕೊಂಡಿರಿ. ಶುಕ್ರವಾರದೊಳಗೆ ಹೋಗಿ ಮುಟ್ಟಿಸಿ. ಜೀವಕೋಶಕ್ಕೆ ಕಾಲಿಲ್ಲ, ನನಗಿವೆ. ನೀವು ಹೋಗದಿದ್ದರೆ ಶನಿವಾರ ಬೆಳವಣಕಿಯ ಬಸ್ಸು ನಾನೇ ಹತ್ತುತ್ತೇನೆ.

ನಿಮ್ಮ ಅಣ್ಣನ ಮಗಳು,
ನಿಲೋಫರ