ಹದಿಮೂರನೆಯ ಕಂತು

ನಾಸಿಕ,
ಸೋಮವಾರ, ೪ ನವೆಂಬರ್ ೧೯೯೬

ಚಿ. ಸೌ. ಅಂಬುಜಾಗೆ, ನಿನ್ನ ನರಹರಿ ಅಣ್ಣನ ಆಶೀರ್ವಾದ.

ಶನಿವಾರ ನಿನ್ನ ಕಾಗದ ಬಂತು. ಔರಂಗಾಬಾದಿನ ನಿಮ್ಮ ಮನೆಗೂ ಅಂತೂ ಟಿವಿ ಬಂದದ್ದು ತಿಳಿದು ಸಂತೋಷಪಟ್ಟೆ. ಮುಂದಿನ ಸಾಲು ಓದಿ ಕಾಗದ ಮಡಿಸಿಟ್ಟೆ. "ಅಣ್ಣಾ, ನಮ್ಮ ಅಲಕಾನ ಧಾರಾವಾಹಿ ಮಧ್ಯಾಹ್ನ ಎರಡೂವರಿಗೆ ಮತ್ತ ಹಚ್ಯಾರ. ಒಂಬತ್ತು ವರ್ಷದ ಹಿಂದ ನೀ ಬರದು ತೋರಿಸಿದ್ದನ್ನ ಈಗ ಕಣ್ಣಾರೆ ನೋಡ್ಲಿಕ್ಹತ್ತೀನಿ. ನೀ ಬರದದ್ದು ಒಂದಕ್ಷರ ತಪ್ಪಿಲ್ಲ."

ಇವತ್ತು ಒಂಬತ್ತನೆಯ ಕಂತು. ಶುಕ್ರವಾರ ಹದಿಮೂರನೆಯದು, ಕೊನೆಯದು. ಅದಕ್ಕೆ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು.

ನಿನ್ನ ಮದುವೆಗೆ ಮುಂಚಿನ ದೀಪಾವಳಿ ರಜೆಗಳಲ್ಲಿ ನಾವು ವಿಸಿಆರ್ ಬಾಡಿಗೆಗೆ ತಂದು ದಿನಕ್ಕೆ ಮೂರು ಸಿನಿಮಾ ನೋಡುತ್ತಿದ್ದೆವು. ನನ್ನದು ಹತ್ತಕ್ಕೆ ಇಷ್ಟು ಎಂಬ ಅಂಕ. ಕೊನೆಯ ರೀಲಿನಲ್ಲಿ ಇಡೀ ಮನೆ ಜಗಳ ಮರೆತು ಒಂದೇ ಪಂಕ್ತಿಯಲ್ಲಿ ಉಣ್ಣಲು ಕೂರುವ ಚಿತ್ರಗಳು ನಿನಗೆ ಪ್ರೀತಿ. ನಾನು ಅವಕ್ಕೆ ನಾಲ್ಕರ ಮೇಲೆ ಕೊಡುತ್ತಿರಲಿಲ್ಲ. "ಏನಣ್ಣಾ, ಸಿನಿಮಾ ನೋಡ್ತೀಯೋ, ಬ್ಯಾಂಕಿನ ತಪಾಸಣಿ ಮಾಡ್ತೀಯೋ? ಪಾಪ, ಅವರು ಉಣ್ಣಲಿ ಬಿಡು" ಎನ್ನುತ್ತಿದ್ದೆ. ಆದರೆ ಮಧ್ಯಂತರದ ಹೊತ್ತಿಗೇ ಕೊನೆ ಹೇಳುವವಳು ನೀನೇ. "ಅಕಿ ಚಪ್ಪಲ್ ಬಿಡೂದು ನೋಡು, ಈ ಮನ್ಯಾಗ ಇರಾಕಿ ಅಲ್ಲ" ಎನ್ನುತ್ತಿದ್ದೆ. ನಾನು ಸಂಭಾಷಣೆ ಕೇಳುತ್ತಿದ್ದೆ. ನೀನು ಮನುಷ್ಯರನ್ನು ನೋಡುತ್ತಿದ್ದೆ.

ನಿನ್ನ ಮಾವನವರು ಮನೆಯಲ್ಲಿ ಟಿವಿ ಬೇಡವೆಂದರು. ಹಾಗಾಗಿ ಎಂಬತ್ತೇಳರಲ್ಲಿ ಗುರುವಾರದ ಆ ಧಾರಾವಾಹಿಯನ್ನು ನಾನು ವಾರವಾರ ಇನ್‌ಲ್ಯಾಂಡ್ ಪತ್ರದಲ್ಲಿ ಬರೆದು ಕಳಿಸತೊಡಗಿದೆ. ಮನ್ಮಾಡದಂಥ ಒಂದು ಜಂಕ್ಷನ್, ರೈಲ್ವೆ ಗುಮಾಸ್ತನ ಹೆಂಡತಿ ಅಲಕಾ, ಬೇರೆ ಊರಿನ ಶಾಲೆಯಲ್ಲಿ ಅವಳಿಗೆ ಸಿಕ್ಕ ಕೆಲಸ. ಹಾಡಿಲ್ಲ, ಒಡವೆಯಿಲ್ಲ, ಅರ್ಧ ಹೊತ್ತು ಮಾತೇ ಇಲ್ಲ. ನಮ್ಮ ಕಾಲನಿಯವರು ಆ ಹೊತ್ತಿಗೆ ಟಿವಿ ಆರಿಸಿ ಊಟಕ್ಕೆ ಏಳುತ್ತಿದ್ದರು. ಯಾರೂ ಮೆಚ್ಚಲಿಲ್ಲ, ಯಾರೂ ನೆನಪಿಡಲಿಲ್ಲ. ಟಿವಿಯಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ಈವರೆಗೆ ನೋಡಿಲ್ಲ.

ನನ್ನ ಸ್ವಭಾವ ನಿನಗೆ ಗೊತ್ತು. ಒಂದೇ ಬಂಗಾಳಿ ಕಾದಂಬರಿಯ ಕನ್ನಡ, ಮರಾಠಿ ಅನುವಾದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ, ಕನ್ನಡದಲ್ಲಿ ಎರಡು ಪುಟ ಬಿಟ್ಟಿದ್ದಾರೆಂದು ಪ್ರಕಾಶಕರಿಗೆ ಕಾರ್ಡು ಬರೆದವನು ನಾನು. ನಿನಗೆ ಬರೆಯುವಾಗಲೂ ಅಲಕಾ ಬಿಡದ ನಿಟ್ಟುಸಿರನ್ನು ನಾನು ಸೇರಿಸಲಿಲ್ಲ. ಹನ್ನೆರಡು ವಾರ.

ಏಳನೆಯ ಕಂತು ಓದಿ ನೀನು ಬರೆದೆ: "ಅಕಿ ಹೋಗ್ತಾಳ ನೋಡು." ಹನ್ನೊಂದನೆಯದಕ್ಕೆ ಉತ್ತರವಾಗಿ ನಿನ್ನದೇ ಸುದ್ದಿ ಬಂತು. ಇಲ್ಲಿಯೇ, ನಾಸಿಕದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗ್ರಂಥಪಾಲಕಿಯ ಕೆಲಸ, ದೀಪಾವಳಿ ಮುಗಿದ ಮೇಲೆ ಸೇರಬೇಕು. ಅತ್ತೆ ಮಾವ ಬೇಡವೆಂದಿದ್ದರು. ನಿನ್ನ ಯಜಮಾನರು ಪ್ರಭಾಕರರಾಯರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೋಗುವುದಾದರೆ ಮಗುವನ್ನು ಕರೆದುಕೊಂಡು ಒಬ್ಬಳೇ ಬರಬೇಕಿತ್ತು. ಕೊನೆಯಲ್ಲಿ ನೀನು ಬರೆದಿದ್ದೆ: "ಅಲಕಾ ಏನು ಮಾಡಿದಳು ಅಂತ ಲಗೂನ ಬರಿ. ಆಮ್ಯಾಲೆ ನಂದು ನಾ ಹೇಳ್ತೀನಿ." ನಗುತ್ತಾ ಬರೆದದ್ದಿರಬಹುದು. ನನಗೆ ನಗು ಬರಲಿಲ್ಲ.

ಆ ಗುರುವಾರ ಕೊನೆಯ ಕಂತು ನೋಡಿದೆ. ಮರುದಿನ ಬ್ಯಾಂಕಿನಲ್ಲಿ ಕೂತು ನಿನಗೆ ಬರೆದೆ: ಅಲಕಾ ರೈಲು ಹತ್ತಿದಳು, ಗಂಡನನ್ನು ನೋಡಿ ಇಳಿದಳು, ಅವನ ಹಿಂದೆ ಮನೆಗೆ ನಡೆದಳು.

ಅದು ಸುಳ್ಳು, ಅಂಬುಜಾ.

ನಿನ್ನ ಸಂಸಾರ ಒಡೆಯಬಾರದು, ನಿನ್ನ ಮಗ ದತ್ತು ಇನ್ನೂ ಮೂರು ವರ್ಷದ ಕೂಸು ಎಂದು ನನಗೆ ನಾನೇ ಹೇಳಿಕೊಂಡೆ. ಅದರ ಕೆಳಗೆ ಇನ್ನೊಂದಿತ್ತು. ನಮ್ಮ ಕ್ವಾರ್ಟರ್ಸಿಗೆ ಎರಡೇ ಕೋಣೆ. ನೀನು ಮಗುವಿನೊಂದಿಗೆ ಬಂದರೆ ಹೇಗೆ, ಎಷ್ಟು ದಿನ, ಜನ ಏನೆಂದಾರು? ನಿನ್ನ ಅತ್ತಿಗೆ ಬೇಡವೆಂದಳೆಂದು ತಿಳಿಯಬೇಡ. ನಾನು ಅವಳನ್ನು ಕೇಳಲೇ ಇಲ್ಲ. ಕೇಳಿದ್ದರೆ ಹಾಸಿಗೆ ಹಾಸಿಡುತ್ತಿದ್ದಳೇನೋ.

ನಿನ್ನ ಉತ್ತರ ಒಂದು ಕಾರ್ಡಿನಲ್ಲಿ ಬಂತು. "ಹನ್ನೆರಡು ವಾರ ಅಷ್ಟು ಗಟ್ಟಿ ಇದ್ದಾಕಿ ಹಿಂಗ್ಯಾಕ ಮಾಡಿದಳೋ. ನಂಗ ಮಂದಿ ತಿಳಿಯಂಗಿಲ್ಲ ಅಂತ ಕಾಣಸ್ತದ. ಇರ್ಲಿ." ಕೆಲಸದ ಮಾತು ಮತ್ತೆ ಬರಲಿಲ್ಲ.

ಆ ದೀಪಾವಳಿಗೆ ನೀನು ನಾಲ್ಕು ದಿನ ನಮ್ಮಲ್ಲಿಗೆ ಬಂದಿದ್ದೆ. ನಾನು ನಿನಗೆಂದೇ ಪಂಕ್ತಿ ಊಟದ ಸಿನಿಮಾಗಳನ್ನೇ ಆರಿಸಿ ತಂದಿದ್ದೆ. ಪ್ರತಿಯೊಂದು ಮುಗಿದಾಗಲೂ ನೀನು "ಛಲೋ ಅದ" ಎಂದೆ. ಹತ್ತಕ್ಕೆ ಎಷ್ಟು ಎಂದು ಕೇಳಿದರೆ, "ನೀನಽ ಹೇಳಣ್ಣ, ನಿಂಗ ಗೊತ್ತಾಗ್ತದ" ಎಂದೆ. ಮಧ್ಯಂತರದಲ್ಲಿ ನಾನು ಏಳದೆ ಕಾದೆ. ನೀನು ಯಾವುದರ ಕೊನೆಯನ್ನೂ ಹೇಳಲಿಲ್ಲ. ನಾನು ನಿನ್ನ ಕೆಲಸವನ್ನಷ್ಟೇ ತಪ್ಪಿಸಿರಲಿಲ್ಲ ಎಂದು ಆಗ ತಿಳಿಯಿತು. ತಿಳಿದೂ ಒಂಬತ್ತು ವರ್ಷ ಸುಮ್ಮನಿದ್ದೆ.

ಶುಕ್ರವಾರ ನೀನು ನೋಡುವುದು ಇದು. ರೈಲು ಹೊರಡುತ್ತದೆ. ಗಂಡ ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಇರುತ್ತಾನೆ, ಅವನನ್ನು ಕೆಟ್ಟವನೆಂದು ತೋರಿಸಿಲ್ಲ. ಆಮೇಲೆ ಬೇರೆ ಊರಿನ ಒಂದು ಬರಿಯ ಕೋಣೆ. ಅಲಕಾ ಟ್ರಂಕಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಾಳೆ. ಸಿಪ್ಪೆ ಎಲ್ಲಿ ಹಾಕಬೇಕೆಂದು ತಿಳಿಯದೆ ಸುತ್ತ ನೋಡುತ್ತಾಳೆ, ಒಬ್ಬಳೇ ನಗುತ್ತಾಳೆ. ಅಲ್ಲಿಗೆ ಮುಗಿಯುತ್ತದೆ. ಇದನ್ನು ನೀನು ಟಿವಿಯಿಂದ ತಿಳಿಯುವ ಮೊದಲು ನನ್ನಿಂದ ತಿಳಿಯಬೇಕಿತ್ತು. ಏಳನೆಯ ಕಂತಿಗೇ ನೀನು ಅವಳನ್ನು ಸರಿಯಾಗಿ ಅರಿತಿದ್ದೆ. ನಿನಗೆ ಮಂದಿ ತಿಳಿಯುತ್ತಾರೆ. ನೀನು ತಪ್ಪು ತಿಳಿದದ್ದು ನನ್ನೊಬ್ಬನನ್ನೇ.

ಆಮೇಲೆ ಪ್ರತಿ ವರ್ಷ ಅಣ್ಣತಂಗಿಯರ ಹಬ್ಬವಾದ ಭಾವೂಬೀಜಿಗೆ ನಿಮ್ಮಲ್ಲಿಗೆ ಬಂದು ನಿನ್ನಿಂದ ಆರತಿ ಎತ್ತಿಸಿಕೊಂಡಿದ್ದೇನೆ. ಈ ಸಲ ನೀನು ಕರೆದರೆ ಮಾತ್ರ ಬರುತ್ತೇನೆ. ಕರೆಯದಿದ್ದರೆ ಕಾರಣ ಕೇಳುವುದಿಲ್ಲ.

ದತ್ತುವಿಗೆ ಮುತ್ತು. ನಿನ್ನ ಕಣ್ಣು ಕಂಡದ್ದನ್ನು ನಿನ್ನ ಮನಸ್ಸು ಇನ್ನು ಮುಂದೆ ನಂಬಲಿ, ದೇವರು ಅಷ್ಟು ಮಾಡಲಿ.

ನಿನ್ನ ಅಣ್ಣ,
ನರಹರಿ